ಗೇಟಿನ ಒಳಗಿನ ತಗ್ಗು

ಸೂಗಪ್ಪ ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಆತನ ಜೊತೆ ದುಡಿಯುವ ಮೌಲಾಸಾಬ್ ಹಾರೆ, ಸಲಿಕೆ, ಪುಟ್ಟಿಗಳನ್ನು ಬೈಕಿನ ಹಿಂದೆ ಬಿಗಿದು ಮುಗಿಸಿದ್ದ. ನಾಟಿಗೆ ಹೋಗುವ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟ್ರ್ಯಾಕ್ಟರ್‌ಗಳು ಜವಳಗೇರಾದ ಓಣಿ ದಾಟಿ ಕಾಲುವೆಯ ದಾರಿ ಹಿಡಿಯುತ್ತಿದ್ದವು. ಆದಮ್ಮ ರೊಟ್ಟಿಯ ಗಂಟನ್ನೂ ನೀರಿನ ಬಾಟಲಿಯನ್ನೂ ತಂದು ಗಂಡನ ಕೈಗಿತ್ತಳು. ಇವತ್ತು ಯಾವ ಕಡೆ ಎಂದು ಕೇಳಿದಳು. ಮಸ್ಕಿಯಲ್ಲಿ ಯಾರೋ ಟೀಚರ್ ಮನೆಯಂತೆ ಎಂದ ಸೂಗಪ್ಪ.

ಆದಮ್ಮ ಸೆರಗಿನ ಚುಂಗು ತಿರುವುತ್ತ, "ಮಸ್ಕಿಂದ ಲಿಂಗಸುಗೂರು ಎಷ್ಟು ದೂರ ಆಕ್ಕೈತಿ?" ಎಂದಳು.

ಸೂಗಪ್ಪ ಬೈಕಿಗೆ ಕಿಕ್ ಹೊಡೆದ.

ಆತ ಈ ಭಾಗದಲ್ಲಿ ಹೆಸರು ಮಾಡಿದ ಗೌಂಡಿ, ಗಾರೆ ಕೆಲಸದ ಮೇಸ್ತ್ರಿ. ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ಹೊಸ ಬಡಾವಣೆಗಳೆಲ್ಲ ಎದ್ದಿರುವುದು ಎರೆಹೊಲಗಳ ಮೇಲೆ. ಬೇಸಿಗೆಯಲ್ಲಿ ಅಂಗೈ ಹಿಡಿಸುವಷ್ಟು ಬಾಯಿಬಿಡುವ, ಮಳೆ ಬಿದ್ದರೆ ಹಿಟ್ಟಿನಂತೆ ಉಬ್ಬುವ ನೆಲ ಅದು. ಗೋಡೆಗೆ ಆಳವಾಗಿ ಪಾಯ ತೋಡಿಸುವ ಜನ, ಗೇಟಿನಿಂದ ಪೋರ್ಚಿನವರೆಗೆ ಗಾಡಿ ಹೋಗುವ ಹಾದಿಗೆ ಮಾತ್ರ ಮಣ್ಣಿನ ಮೇಲೆಯೇ ನಾಲ್ಕು ಬೆರಳು ಕಾಂಕ್ರೀಟ್ ಹಾಕಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಎರಡು ಮಳೆಗಾಲ ಕಳೆದರೆ ಅದು ಬಿರಿದು, ನಡುವೆ ಕುಸಿದು, ಗಾಡಿಯ ಹೊಟ್ಟೆ ತಿಕ್ಕುವಂತಾಗುತ್ತಿತ್ತು. ಆಗ ಸೂಗಪ್ಪನಿಗೆ ಫೋನು ಬರುತ್ತಿತ್ತು. ಮಸ್ಕಿಯ ಹೆಣ್ಣುಮಗಳು ಹೇಳಿದ್ದೂ ಅದನ್ನೇ. ಗೇಟಿನ ಒಳಗಿನ ಹಾದಿ ಕುಸಿದಿದೆ, ಮನೆಯವರೊಬ್ಬರು ಸ್ಕೂಟಿ ಸಮೇತ ಬಿದ್ದು ಕೈ ಮುರಿದುಕೊಂಡಿದ್ದಾರೆ, ಜಲ್ದಿ ಬಂದರೆ ಉಪಕಾರವಾಗುತ್ತದೆ ಎಂದಿದ್ದಳು. ಸೂಗಪ್ಪ ಬರುತ್ತೇನೆಂದು ಮಾತು ಕೊಟ್ಟಿದ್ದ.

ಮನೆ ಮಸ್ಕಿಯ ಹೊಸ ಬಡಾವಣೆಯ ಕೊನೆಯಲ್ಲಿತ್ತು. ಗೇಟು ತೆರೆದವಳು ನಿವೃತ್ತಿಗೆ ಹತ್ತಿರವಾದ ವಯಸ್ಸಿನವಳು. ತಾನು ಪದ್ಮಾವತಿ, ಇಲ್ಲೇ ಶಾಲೆಯಲ್ಲಿ ಟೀಚರ್, ಗಂಡ ರಾಯಚೂರಿನ ಕಡೆ ನೌಕರಿಯಲ್ಲಿದ್ದು ಭಾನುವಾರ ಬಂದು ಹೋಗುತ್ತಾರೆ ಎಂದು ಪರಿಚಯ ಹೇಳಿಕೊಂಡಳು. ಬಾಗಿಲ ಮೇಲೆ ಬುದ್ಧನ ಚಿತ್ರವಿತ್ತು. ಸೂಗಪ್ಪ ಅದನ್ನು ಒಮ್ಮೆ ನೋಡಿ, ತನ್ನ ನೀರಿನ ಬಾಟಲಿಯನ್ನು ಕಾಂಪೌಂಡಿನ ನೆರಳಿನಲ್ಲಿ ಇಟ್ಟ. ಆಮೇಲೆ ಕುಕ್ಕರಗಾಲಲ್ಲಿ ಕುಳಿತು ಸುತ್ತಿಗೆಯಿಂದ ಕಾಂಕ್ರೀಟ್ ತಟ್ಟಿದ. ಟೊಳ್ಳು ಸದ್ದು ಬಂತು. ಯಾರೋ ಹಿಂದೆ ಬಿರುಕುಗಳ ಮೇಲೆ ಬರೇ ಸಿಮೆಂಟ್ ಬಳಿದು ಹೋಗಿದ್ದರು. ತಗ್ಗಿನಲ್ಲಿ ಮಳೆನೀರು ನಿಂತಿತ್ತು, ಪಕ್ಕದಲ್ಲಿ ಸ್ಕೂಟಿಯ ಕನ್ನಡಿಯ ಚೂರುಗಳು ಹಾಗೇ ಬಿದ್ದಿದ್ದವು. ಪೂರ್ತಿ ಒಡೆದು ತೆಗೆಯಬೇಕು ಎಂದು ಹೇಳಲು ಆತ ತಲೆ ಎತ್ತಿದ.

ಬಾಗಿಲಲ್ಲಿ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಹೆಣ್ಣುಮಗಳೊಬ್ಬಳು ಬಲಗೈಯಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಭಾರತಿ. ಆತನ ಮಗಳು. ತಂಬಿಗೆ ವಾಲಿ ನೀರೆಲ್ಲ ಹೊಸ್ತಿಲಿಗೆ ಚೆಲ್ಲಿತು. ಬಂದವರು ಯಾರೆಂದು ಆಕೆಗೂ ಗೊತ್ತಿರಲಿಲ್ಲವೆಂಬುದು ಆ ಮುಖ ನೋಡಿದರೆ ತಿಳಿಯುತ್ತಿತ್ತು.

ರಾಯಚೂರಿನಲ್ಲಿ ನರ್ಸಿಂಗ್ ಓದುವಾಗ ಭಾರತಿಗೆ ಲಿಂಗಸುಗೂರಿನ ಭೀಮೇಶ ಪರಿಚಯವಾಗಿದ್ದ. ಬ್ಯಾಂಕಿನಲ್ಲಿ ಕೆಲಸ, ಸಂಭಾವಿತ ಹುಡುಗ. ಆದರೆ ಆತನ ಮನೆತನದವರು ತಲೆಮಾರುಗಳಿಂದ ಊರ ಹೊರಗಿನ ಕೇರಿಯವರು. ಮಗಳು ಎಷ್ಟೋ ಸಲ ಅತ್ತು ಕೇಳಿದ್ದಳು. ಸೂಗಪ್ಪ ಒಪ್ಪಲಿಲ್ಲ. ಆಕೆ ರಿಜಿಸ್ಟರ್ ಮದುವೆಯಾದಳು. ಆ ಸುದ್ದಿಯಿಂದ ಸೂಗಪ್ಪನ ತಮ್ಮ ದುರುಗೇಶನ ಮಗಳು ನಂದಿನಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದುಬಿತ್ತು. ಕುಲದ ಹಿರಿಯರು ಸೇರಿದ ದಿನ ಸೂಗಪ್ಪ ಎಲ್ಲರೆದುರು ಎದ್ದು ನಿಂತು, ತನಗೆ ಮಗಳೇ ಇಲ್ಲ, ಆ ಹುಡುಗ ಕೈಗೆ ಸಿಕ್ಕರೆ ಜೀವಸಹಿತ ಬಿಡುವುದಿಲ್ಲ ಎಂದುಬಿಟ್ಟ. ಅದಾಗಿ ನಾಲ್ಕು ವರ್ಷ. ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ನಾಗರಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಕಟ್ಟುತ್ತಿದ್ದರು. ಆದಮ್ಮ ಆ ದಿನಗಳಲ್ಲಿ ತಲೆನೋವೆಂದು ಹೇಳಿ ಒಳಕೋಣೆಯಲ್ಲಿ ಮಲಗಿಬಿಡುತ್ತಿದ್ದಳು.

ಸೂಗಪ್ಪ ಎದ್ದು ಹೋಗಿ ಸಲಿಕೆಯನ್ನು ಮತ್ತೆ ಬೈಕಿಗೆ ಕಟ್ಟತೊಡಗಿದ. ಮೌಲಾಸಾಬ್ ಕೈ ಹಚ್ಚಲಿಲ್ಲ, ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿದ. ಹಗ್ಗದ ಗಂಟು ಸೂಗಪ್ಪನ ಕೈಯಲ್ಲಿ ನಿಲ್ಲಲಿಲ್ಲ, ಎರಡು ಸಲ ಬಿಚ್ಚಿಕೊಂಡಿತು. ಪದ್ಮಾವತಿ ಗೇಟಿನ ಹೊರಗೆ ಬಂದಳು.

"ಯಾರ ಮನಿ ಅಂತ ಹೇಳಿದ್ರ ನೀವು ಬರ್ತಿದ್ದಿಲ್ಲ," ಎಂದಳು. "ಆಕಿಗೂ ಹೇಳಿಲ್ರಿ. ಆಕಿ ಫೋನಿನ್ಯಾಗಿಂದ ನಂಬರ್ ನಾನ ತಗೊಂಡೆ. ಇಬ್ಬರ ಕಡಿಂದ ರಿಪೇರಿ ಮಾಡಿಸಿದ್ವಿ, ಎರಡೂ ಸಲ ಕುಸೀತು. ನೈಟ್ ಡ್ಯೂಟಿ ಮುಗಿಸಿ ಬರೂಮುಂದ ನೀರಿನ್ಯಾಗ ತಗ್ಗು ಕಾಣ್ದ ಬಿದ್ಳು. ತಲಿ ಗ್ವಾಡಿಗೆ ಬಡೀಲಿಲ್ಲ, ಅಷ್ಟ ಪುಣ್ಯ."

ಸೂಗಪ್ಪ ತಗ್ಗಿನ ಕಡೆ ನೋಡಿದ. ಅಲ್ಲಿಂದ ಗೋಡೆಯ ಚೂಪು ಅಂಚು ಒಂದು ಮೊಳ ದೂರವೂ ಇರಲಿಲ್ಲ. ಮಾತು ಕೊಟ್ಟ ಮೇಲೆ ಕೆಲಸ ಬಿಟ್ಟು ಹೋಗುವುದು ಗೌಂಡಿಯ ಲಕ್ಷಣವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಅದು ನೆಪವೆಂದು ಆತನಿಗೆ ಗೊತ್ತಿತ್ತು, ಬೀಡಿ ಸೇದುತ್ತಿದ್ದ ಮೌಲಾಸಾಬ್‌ಗೂ ಗೊತ್ತಿತ್ತು.

"ಹಾರಿ ಕೊಡು," ಎಂದ ಸೂಗಪ್ಪ.

ಆ ದಿನವೆಲ್ಲ ಹಳೆಯ ಕಾಂಕ್ರೀಟ್ ಒಡೆಯುವುದರಲ್ಲಿ ಕಳೆಯಿತು. ಪದ್ಮಾವತಿ ಚಹಾ ತಂದಿಟ್ಟಳು. ಮೌಲಾಸಾಬ್ ಎರಡು ಕಪ್ಪು ಕುಡಿದ. ಸೂಗಪ್ಪ ತನ್ನ ಬಾಟಲಿಯ ನೀರೇ ಕುಡಿದ. ಪದ್ಮಾವತಿ ಅದನ್ನು ಕಂಡಳು, ಆದರೆ ಒತ್ತಾಯ ಮಾಡಲಿಲ್ಲ. ಸಂಜೆ ಬ್ಯಾಂಕಿನಿಂದ ಬಂದ ಭೀಮೇಶ ಗೇಟಿನಲ್ಲೇ ನಿಂತುಬಿಟ್ಟ. ಮೆಲ್ಲಗೆ ನಮಸ್ಕಾರ ಎಂದ. ಸೂಗಪ್ಪ ಹಾರೆಯ ಏಟು ನಿಲ್ಲಿಸಲಿಲ್ಲ. ಒಳಗೆ ಹೋಗಿ ಬಟ್ಟೆ ಬದಲಿಸಿ ಬಂದವನು ಪುಟ್ಟಿಯೊಂದನ್ನು ಎತ್ತಿಕೊಂಡು ಒಡೆದ ತುಂಡುಗಳನ್ನು ಹೊರಗೆ ಹಾಕತೊಡಗಿದ. ಬೆರಳು ತರಚಿ ರಕ್ತ ಬಂದರೂ ಕತ್ತಲಾಗುವವರೆಗೆ ಬಿಡಲಿಲ್ಲ. ಸೂಗಪ್ಪ ಅತ್ತ ನೋಡದೇ ಇದ್ದ, ಆದರೆ ಒಂದೊಂದು ಪುಟ್ಟಿ ಹೊರಗೆ ಬಿದ್ದ ಸದ್ದೂ ಆತನ ಕಿವಿಗೆ ಬೀಳುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತ ಆದಮ್ಮ, ಟೀಚರ್ ಮನೆಯವರು ಹೇಗಿದ್ದಾರೆ, ಕೈ ಮುರಿದುಕೊಂಡವರು ಯಾರು ಎಂದು ಕೇಳಿದಳು. ಸೂಗಪ್ಪ, ಅವರ ಸೊಸೆಯಂತೆ ಎಂದಷ್ಟೇ ಹೇಳಿದ. ಪಾಪ, ತವರಿನವರು ಬಂದು ನೋಡಿಕೊಂಡು ಹೋಗಿದ್ದಾರೋ ಇಲ್ಲವೋ ಎಂದಳು ಆದಮ್ಮ. ಸೂಗಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದು ಕೈ ತೊಳೆದ.

ಮರುದಿನ ಎರೆಮಣ್ಣನ್ನು ಮೊಣಕಾಲಾಳ ತೋಡಿ ತೆಗೆದರು. ಮಣ್ಣಿನೊಳಗೆ ನಲ್ಲಿಯ ಪೈಪೊಂದು ಸೋರುತ್ತಿತ್ತು, ಅದನ್ನು ಬದಲಿಸಿದರು. ಆ ಜಾಗಕ್ಕೆ ನೀರಿಗೆ ಉಬ್ಬದ ಗರಸು ಮಣ್ಣು ತುಂಬಿ, ನೀರು ಹೊಡೆದು, ದಿಮ್ಮಸಿನಿಂದ ಕುಟ್ಟುತ್ತ ಬಂದರು. ಭಾರತಿ ಪೋರ್ಚಿನ ಮೆಟ್ಟಿಲ ಮೇಲೆ ಬಂದು ಕುಳಿತಳು. ಮೌಲಾಸಾಬ್ ಆಕೆಯನ್ನು ಚಿಕ್ಕಂದಿನಿಂದ ಎತ್ತಿ ಆಡಿಸಿದವನು. ಆಕೆ ಆತನೊಡನೆಯೇ ಮಾತಿಗಿಳಿದಳು.

"ಮೌಲಾ ಕಾಕಾ, ಅವ್ವನ ಮೊಣಕಾಲು ನೋವು ಹೆಂಗೈತಿ?"

ಮೌಲಾಸಾಬ್ ಸೂಗಪ್ಪನ ಕಡೆ ತಿರುಗಿದ. "ಸೂಗಣ್ಣ, ವೈನಿ ಮೊಣಕಾಲು ಹೆಂಗೈತಿ ಅಂತ ಕೇಳಾಕತ್ತಾಳ."

"ಎಣ್ಣಿ ಹಚ್ಚಿ ತಿಕ್ಕೋತಾಳ, ಕಡಿಮಿ ಆಗಿಲ್ಲಂತ ಹೇಳು," ಎಂದ ಸೂಗಪ್ಪ, ದಿಮ್ಮಸು ನಿಲ್ಲಿಸದೆ.

"ಎಣ್ಣಿಗೆ ಬಗ್ಗಂಗಿಲ್ಲ ಅದು. ದವಾಖಾನಿಗೆ ತೋರಿಸಬೇಕಂತ ಹೇಳು ಕಾಕಾ."

ಹೀಗೆ ಮೂರು ಮಾರು ಅಂತರದಲ್ಲಿದ್ದ ತಂದೆ ಮಗಳ ನಡುವೆ ಮಧ್ಯಾಹ್ನದವರೆಗೆ ಮೌಲಾಸಾಬ್ ಸುದ್ದಿ ಹೊತ್ತ. ಎಮ್ಮೆ ಮಾರಿದ್ದು, ಹಿತ್ತಲಿನ ಬೇವಿನ ಮರ ಗಾಳಿಗೆ ಬಿದ್ದದ್ದು, ನಂದಿನಿ ಹೊಲಿಗೆ ಕಲಿತದ್ದು, ಎಲ್ಲವನ್ನೂ ಭಾರತಿ ಕೇಳಿ ತಿಳಿದುಕೊಂಡಳು. ಕಡೆಗೆ ಮೌಲಾಸಾಬ್ ಬೇಸತ್ತು, ತನ್ನ ಗಂಟಲು ಒಣಗಿತೆಂದು ಹೇಳಿ ಬೀಡಿಯ ನೆಪದಲ್ಲಿ ಗೇಟು ದಾಟಿ ಹೋದ.

ಕಾಂಕ್ರೀಟಿನ ಮಟ್ಟಕ್ಕೆ ದಾರ ಕಟ್ಟಬೇಕಿತ್ತು. ಒಬ್ಬನಿಂದಾಗುವ ಕೆಲಸವಲ್ಲ. ಸೂಗಪ್ಪ ದಾರದ ಉಂಡೆ ಬಿಚ್ಚಿ ಸುತ್ತ ನೋಡಿದ. ಭಾರತಿ ಎದ್ದು ಬಂದು, ಬಗ್ಗಿ, ದಾರದ ತುದಿಯನ್ನು ಬಲಗೈಯಲ್ಲಿ ಹಿಡಿದುಕೊಂಡಳು. ಸಣ್ಣವಳಿದ್ದಾಗ ಶಾಲೆಗೆ ರಜೆ ಬಿಟ್ಟರೆ ಆಕೆ ಅಪ್ಪನ ಹಿಂದೆ ಕೆಲಸದ ಮನೆಗಳಿಗೆ ಬರುತ್ತಿದ್ದಳು. ದಾರ ಹಿಡಿಯುವುದು ಆಕೆಯದೇ ಪಾಲು, ಬೇರೆಯವರು ಮುಟ್ಟಿದರೆ ಜಗಳ ತೆಗೆಯುತ್ತಿದ್ದಳು. ಸೂಗಪ್ಪ ಈ ತುದಿಯಲ್ಲಿ ಮೊಳೆ ಹೊಡೆಯಲು ಹೋಗಿ, ಸ್ವಲ್ಪ ಹೊತ್ತು ಸುತ್ತಿಗೆಯನ್ನು ಹಾಗೇ ಹಿಡಿದು ಕುಳಿತ.

"ಬಿಗಿ ಹಿಡಿ," ಎಂದ.

ಅಷ್ಟೇ ಮಾತು. ಭಾರತಿ ಬಿಗಿಯಾಗಿ ಹಿಡಿದಳು. ಆಕೆಯ ಕಣ್ಣಿನಿಂದ ನೀರು ಇಳಿದು ಗದ್ದದಿಂದ ಗರಸಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

"ಅಪ್ಪಾ, ಈ ಸಲ ಪಂಚಮಿಗೆ ಅವ್ವ ಉಂಡಿ ಕಟ್ತಾಳೇನು?"

"ಕಟ್ಟಂಗಿಲ್ಲ."

"ಯಾಕ?"

"ನೀ ಹೋದಾಗಿಂದ ನಮ್ಮ ಮನ್ಯಾಗ ಉಂಡಿ ಆಗಿಲ್ಲ." ಹೇಳಿದ ಮೇಲೆ ಇಷ್ಟು ಹೇಳಬಾರದಿತ್ತು ಎನ್ನಿಸಿ ಆತ ಮೊಳೆಯ ತಲೆ ಸೊಟ್ಟಗಾಗುವಂತೆ ಹೊಡೆದ.

ಅದೇ ಹೊತ್ತಿಗೆ ಪದ್ಮಾವತಿ ಶಾಲೆಯಿಂದ ಬಂದಳು. ಸೊಸೆಯ ಮುಖ ನೋಡಿ, ಒಳಗೆ ಹೋಗಿ ಮಲಗು ಎಂದು ಕಳಿಸಿ, ತಾನು ಮೆಟ್ಟಿಲ ಮೇಲೆ ಕುಳಿತಳು. ಆಕೆ ನಿಷ್ಠುರವಾಗಿ ಏನಾದರೂ ಅನ್ನುತ್ತಾಳೆಂದು ಸೂಗಪ್ಪ ತಾನೇ ಮೊದಲು ಮಾತು ತೆಗೆದ.

"ಟೀಚರ್, ನಿಮ್ಮ ಮ್ಯಾಲ ನನಗೇನು ಸಿಟ್ಟಿಲ್ರಿ. ಆದ್ರ ನಾ ಆ ಓಣ್ಯಾಗ ಬಾಳ್ವಿ ಮಾಡಬೇಕಲ್ಲ? ನನ್ನ ತಮ್ಮನ ಮಗಳು ಏನು ಪಾಪ ಮಾಡಿದ್ಳು, ಆಕಿ ಲಗ್ನ ಮುರೀತು. ಹಿರ್‍ಯಾರು ಕುಂತ ಕಡಿ ನನಗ ಈಗಲೂ ಮಾರಿ ಎತ್ತಾಕ ಆಗಂಗಿಲ್ಲ. ಅದೆಲ್ಲಾ ನಿಮಗ ಹೆಂಗ ತಿಳೀಬೇಕು?"

"ತಿಳೀತೈತಿ," ಎಂದಳು ಪದ್ಮಾವತಿ. "ನಿಮ್ಮ ತಮ್ಮನ ಮಗಳ ಸುದ್ದಿ ಹೇಳಿ ಭಾರತಿ ಎಷ್ಟು ಸಲ ಅತ್ತಾಳ. ಆದ್ರ ನಮ್ಮ ಕಡೀದೂ ಒಂದು ಮಾತು ಕೇಳ್ರಿ. ಈ ಲಗ್ನ ನನಗೂ ಬ್ಯಾಡಾಗಿತ್ತು. ನಿಮ್ಮ ಮಗಳು ಕೆಟ್ಟಾಕಿ ಅಂತಲ್ಲ. ಅಂಜಿಕಿ. ಸಿಕ್ಕರ ಜೀವಸಹಿತ ಬಿಡಂಗಿಲ್ಲ ಅಂತ ನೀವಂದ ಮಾತು ನಮ್ಮ ಕಿವಿಗೂ ಬಂದಿತ್ತು. ಎರಡು ವರ್ಷ ನಾ ಹಗಲೂ ಗೇಟಿಗೆ ಕೀಲಿ ಹಾಕಿ ಕುಂತೀನ್ರಿ. ಹೊರಗ ಬೈಕ್ ನಿಂತ ಸಪ್ಪಳ ಆದ್ರ ನನ್ನ ಮಗ ಮನಿಯೊಳಗ ಅದಾನೋ ಇಲ್ಲೋ ಅಂತ ಮೊದಲು ನೋಡ್ತಿದ್ದೆ. ಲಿಂಗಸುಗೂರು ಬಿಟ್ಟು ಇಲ್ಲಿಗೆ ಬಂದದ್ದೂ ಅದಕ್ಕ."

ಸೂಗಪ್ಪನ ಕೈ ನಿಂತಿತು. ಅವತ್ತು ಹಿರಿಯರೆದುರು ಆಡಿದ್ದು ಬರೇ ಬಾಯಿಮಾತು. ಯಾರಿಗೂ ಒಂದು ಏಟು ಹೊಡೆದವನಲ್ಲ ಆತ. ಮಾತು ಆಡಿ ಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತಿದ್ದ. ಆದರೆ ಆ ಮಾತು ತನ್ನ ಪಾಡಿಗೆ ತಾನು ನಡೆದು ಬಂದು, ಮುಖವನ್ನೇ ಕಂಡಿರದ ಈ ತಾಯಿಯ ಗೇಟಿನ ಹೊರಗೆ ಎರಡು ವರ್ಷ ನಿಂತಿತ್ತು. ತನ್ನನ್ನು ನೆನೆದು ಒಬ್ಬ ಹೆಣ್ಣುಮಗಳು ಬಾಗಿಲು ಹಾಕಿಕೊಳ್ಳುತ್ತಿದ್ದಳು ಎಂಬುದನ್ನು ಆತ ಎಂದೂ ಯೋಚಿಸಿರಲಿಲ್ಲ.

"ಮತ್ತ ಈಗ ನನ್ನನ್ನ ಯಾಕ ಕರಿಸಿದ್ರಿ?" ಎಂದ, ಧ್ವನಿ ಕುಗ್ಗಿಸಿ.

"ಬಿದ್ದ ದಿನ ದವಾಖಾನ್ಯಾಗ ಎಲುಬು ಕೂಡಿಸೂಮುಂದ ಆಕಿ ಅಪ್ಪಾ ಅಪ್ಪಾ ಅಂತ ಚೀರಿದ್ಳು. ಮಗ್ಗಲಕ ನಾನ ನಿಂತಿದ್ದೆ. ಅತ್ತಿ ಎಷ್ಟು ಚೊಲೋ ಇದ್ರೂ ಆ ಜಾಗ ತುಂಬಾಕ ಬರಂಗಿಲ್ರಿ."

ಪದ್ಮಾವತಿ ಎದ್ದು ಒಳಗೆ ಹೋದಳು. ಬಿಸಿಲು ಇಳಿದಿರಲಿಲ್ಲ. ಸೂಗಪ್ಪ ಬಹಳ ಹೊತ್ತು ಗರಸಿನ ಮೇಲೆ ಕುಳಿತೇ ಇದ್ದ. ಮೌಲಾಸಾಬ್ ತಿರುಗಿ ಬಂದಾಗ ಸೂಗಪ್ಪ ಬೆಳಗಿನಿಂದ ಕಟ್ಟೆಯ ಮೇಲೆ ಮುಚ್ಚಿಟ್ಟಿದ್ದ ಆ ಮನೆಯ ತಂಬಿಗೆಯನ್ನು ಎತ್ತಿ ಗಟಗಟ ನೀರು ಕುಡಿಯುತ್ತಿದ್ದ. ಮೌಲಾಸಾಬ್ ಕಂಡೂ ಕಾಣದವನಂತೆ ಸಲಿಕೆ ಎತ್ತಿಕೊಂಡ.

ಮಾರನೆಯ ದಿನ ಮೋಡವಿತ್ತು, ಮಳೆ ಇರಲಿಲ್ಲ. ಕಬ್ಬಿಣದ ಸರಳು ಹೆಣೆದು, ಕಡಿ, ಉಸುಕು, ಸಿಮೆಂಟ್ ಕಲಸಿ ಗೇಟಿನಿಂದ ಪೋರ್ಚಿನವರೆಗೆ ಕಾಂಕ್ರೀಟ್ ಹಾಕಿದರು. ಭೀಮೇಶ ರಜೆ ಹಾಕಿ ನಿಂತಿದ್ದ. ಬಟ್ಟೆ ಸುತ್ತಿದ ಬೆರಳಿನಿಂದ ಆತ ಪುಟ್ಟಿ ಎತ್ತಲು ಹೋದಾಗ ಸೂಗಪ್ಪ, ಸಿಮೆಂಟ್ ತಾಗಿದರೆ ಗಾಯ ಸುಡುತ್ತದೆ, ನೀರು ಹಾಕುವ ಕೆಲಸ ಮಾಡು ಸಾಕು ಎಂದ. ಭೀಮೇಶ ಹೂಂ ಎಂದು ಪೈಪು ಹಿಡಿದ. ಸಂಜೆ ಗೋಣಿತಟ್ಟು ಹೊದಿಸುತ್ತ ಸೂಗಪ್ಪ ಮಗಳನ್ನು ಕರೆದು, ಒಂದು ವಾರ ಇದು ಒಣಗಬಾರದು, ತಟ್ಟು ಸದಾ ತೊಯ್ದಿರಬೇಕು, ಅಲ್ಲಿಯವರೆಗೆ ಮೇಲೆ ಗಾಡಿ ಹಾಯಿಸಬೇಡಿ ಎಂದು ಹೇಳಿದ. ಭಾರತಿ, ನೋಡಲು ಮತ್ತೆ ಬರುತ್ತೀಯಾ ಎಂದು ಕೇಳಿದಳು. ಸೂಗಪ್ಪ ಕರಣಿ ತೊಳೆಯುತ್ತ, ನೋಡೋಣ ಎಂದ. ಆಕೆ ಬೈಕು ಮುಖ್ಯರಸ್ತೆಗೆ ತಿರುಗುವವರೆಗೆ ಗೇಟಿನಲ್ಲಿ ನಿಂತಿದ್ದಳು.

ಆಮೇಲಿನ ದಿನಗಳಲ್ಲಿ ಸೂಗಪ್ಪ ಸಿಂಧನೂರಿನಲ್ಲಿ ಬೇರೆ ಕೆಲಸ ಹಿಡಿದ. ಮೋಡ ತೆರೆದು ಬಿಸಿಲು ಬಿದ್ದರೆ ಸಾಕು, ಮಸ್ಕಿಯಲ್ಲಿ ಗೋಣಿತಟ್ಟು ಒಣಗಿತೇನೋ, ಒಂದೇ ಕೈಯಲ್ಲಿ ಆಕೆ ಪೈಪು ಎಳೆಯುತ್ತಿದ್ದಾಳೇನೋ ಎಂದು ಮನಸ್ಸು ಅತ್ತಲೇ ಓಡುತ್ತಿತ್ತು. ಆದಮ್ಮನಿಗೆ ಹೇಳಬೇಕೆಂದು ಬಾಯಿ ತೆರೆದು ಎಷ್ಟೋ ಸಲ ಮುಚ್ಚಿದ. ಓಣಿಯಲ್ಲಿ ಪಂಚಮಿಗೆಂದು ಎಳ್ಳು, ಶೇಂಗಾ ಹುರಿಯುವ ವಾಸನೆ ಎದ್ದಿತು. ಎದುರು ಮನೆಯ ಮಗಳು ಬ್ಯಾಗು ಹಿಡಿದು ಬಸ್ಸಿನಿಂದ ಇಳಿದು ಬಂದಳು. ಆದಮ್ಮ ಆಕೆಯನ್ನು ಕ್ಷೇಮ ಕೇಳಿ, ಒಳಗೆ ಬಂದು, ಹಗಲಿನಲ್ಲೇ ಚಾದರ ಹೊದ್ದು ಮಲಗಿದಳು. ಸೂಗಪ್ಪ ಕಂಬಕ್ಕೆ ಒರಗಿ ಅದನ್ನೆಲ್ಲ ನೋಡಿದ.

ಮರುದಿನ ಬೆಳಿಗ್ಗೆ ಆತ ಸ್ನಾನ ಮಾಡಿ ಬಿಳಿ ಅಂಗಿ ತೊಟ್ಟು ಬೈಕು ಒರೆಸುತ್ತಿದ್ದಾಗ ದುರುಗೇಶ ಬಂದ. ಎಲ್ಲಿಗೆ ಎಂದು ಕೇಳಿದ.

"ಮಸ್ಕಿಗೆ," ಎಂದ ಸೂಗಪ್ಪ. "ಭಾರತಿನ್ನ ಪಂಚಮಿಗೆ ಕರಿಯಾಕ ಹೊಂಟೀನಿ."

ಒಳಗೆ ಆದಮ್ಮನ ಕೈಯಲ್ಲಿದ್ದ ಪಾತ್ರೆ ನೆಲಕ್ಕೆ ಬಿತ್ತು. ಆಕೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತಳು. ದುರುಗೇಶ ದನಿ ಏರಿಸಲಿಲ್ಲ. ಅಣ್ಣನ ಮೇಲೆ ದನಿ ಏರಿಸಿ ಆತನಿಗೆ ರೂಢಿಯಿರಲಿಲ್ಲ.

"ಅಣ್ಣಾ, ನಿನ್ನ ಸಂಕಟ ನನಗ ತಿಳೀತೈತಿ. ಆದ್ರ ನಂದಿನಿನ್ನ ನೋಡಾಕ ಮತ್ತೊಂದು ಮನಿಯವರು ಬರಾಕತ್ತಾರ. ಈಗ ನೀ ಹಿಂಗ ಮಾಡಿದ್ರ ನನ್ನ ಮಗಳ ಗತಿ ಏನು? ಊರಾಗ ಏನಂತಾರ?"

"ಊರವ್ರು ಅಂತಾರ. ಅಂದು ತಮ್ತಮ್ಮ ಮನಿಗೆ ಹೋಗಿ ಉಣ್ತಾರ," ಎಂದ ಸೂಗಪ್ಪ. "ಅಕ್ಕನ್ನ ಮುಚ್ಚಿಟ್ಟು ತಂಗಿನ್ನ ಕೊಟ್ರ, ಆ ಮನ್ಯಾಗ ಆಕಿ ದಿನಾ ಅಂಜಿಕೋಂತ ಬಾಳಬೇಕಾಕ್ಕೈತಿ, ದುರುಗೇಶ. ಅಂಜಿ ಬಾಳೋದು ಹೆಂಗಿರ್ತೈತಿ ಅಂತ ನಾ ಒಂದು ಮನ್ಯಾಗ ಕೇಳಿ ಬಂದೀನಿ. ಬರೋರಿಗೆ ಇದ್ದದ್ದು ಹೇಳು. ತಿಳಕೊಂಡು ಬರೋರು ಬರ್ಲಿ."

ದುರುಗೇಶ ನೆಲ ನೋಡುತ್ತ ನಿಂತ. ಆತನ ಹಿಂದೆಯೇ ಬಂದಿದ್ದ ನಂದಿನಿ ಮಾತ್ರ, "ದೊಡ್ಡಪ್ಪ, ಅಕ್ಕಗ ನಾ ಕೇಳೀನಂತ ಹೇಳು," ಎಂದು ಮೆಲ್ಲಗೆ ಹೇಳಿ ತಂದೆಯ ಮುಖ ನೋಡಿದಳು. ದುರುಗೇಶ ಮಗಳನ್ನು ಗದರಲಿಲ್ಲ.

ಆದಮ್ಮ ಸೀರೆ ಬದಲಿಸಲೂ ಇಲ್ಲ. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು, ಉಟ್ಟ ಸೀರೆಯಲ್ಲೇ ಬಂದು ಬೈಕಿನ ಹಿಂದೆ ಕುಳಿತಳು. ಸಿಂಧನೂರು ಬರುವಷ್ಟರಲ್ಲಿ ಎಲ್ಲವನ್ನೂ ಕೇಳಿ ಮುಗಿಸಿದ್ದಳು. ಕೈ ಯಾವುದು, ಎಲುಬು ಕೂಡಿತೇ, ಮಗಳು ಬಡವಾಗಿದ್ದಾಳೋ, ಅತ್ತೆ ಹೇಗೆ, ಅಳಿಯನ ಸ್ವಭಾವ ಹೇಗೆ. ಸೂಗಪ್ಪ ಒಂದೊಂದಕ್ಕೂ ಉತ್ತರ ಕೊಟ್ಟ. ತಾನು ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಆಕೆ ಬೈಯುತ್ತಾಳೆಂದು ಕಾದ. ಆಕೆ ಬೈಯಲಿಲ್ಲ. ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಿಡಿದುಕೊಂಡು ಮುಂದಿನ ರಸ್ತೆಯನ್ನೇ ನೋಡುತ್ತಿದ್ದಳು.

ಮಸ್ಕಿಯ ಬಜಾರಿಗೆ ಬಂದಾಗ ಆದಮ್ಮ ಗಂಡನ ಭುಜ ತಟ್ಟಿ ನಿಲ್ಲಿಸಿದಳು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದೇ ಎಂದಳು. ಹುಸೇನ್‌ಸಾಬ್ ಎಂಬ ಮುದುಕನ ಬಟ್ಟೆ ಅಂಗಡಿ ಆಗಷ್ಟೇ ಬಾಗಿಲು ತೆರೆದಿತ್ತು. ಆದಮ್ಮ ಮೆಟ್ಟಿಲು ಹತ್ತಿ ಕುಳಿತು ಕುಪ್ಪಸದ ಖಣಗಳನ್ನು ಬಿಚ್ಚಿಸಿದಳು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಕಡೆಗೆ ಹಸಿರಿನದೊಂದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿದಳು.

"ಭಾರತಿಗೆ ಹಸಿರು ಒಪ್ಪತೈತಿ," ಎಂದಳು. ನಾಲ್ಕು ವರ್ಷದ ಮೇಲೆ ಗಂಡನ ಎದುರು ಆಕೆಯ ಬಾಯಿಂದ ಆ ಹೆಸರು ಬಂದಿತ್ತು.

ಹುಸೇನ್‌ಸಾಬ್ ಖಣವನ್ನು ಕಾಗದದಲ್ಲಿ ಸುತ್ತತೊಡಗಿದ. ಹೊರಗೆ ಬೈಕಿನ ಬಳಿ ನಿಂತಿದ್ದ ಸೂಗಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ.

"ಇನ್ನೊಂದು ತೆಗೀರಿ," ಎಂದ.

ಆದಮ್ಮ ತಿರುಗಿ ನೋಡಿದಳು. ಮಗಳೊಬ್ಬಳಿಗೆ ಎರಡು ಖಣ ಯಾಕೆ ಎಂಬುದು ಆಕೆಗೆ ತಿಳಿಯಲಿಲ್ಲ.

"ಬೀಗರ ಮನಿಗೆ ಹೊಂಟೀವಿ," ಎಂದ ಸೂಗಪ್ಪ. "ಬೀಗತಿಗೆ ಬಿಟ್ಟು ಮಗಳಿಗಷ್ಟ ಒಯ್ದರ ಚೊಲೋ ಕಾಣತೈತೇನು?"

ಅವರಿಗೆ ಎಂಥದ್ದು ತೋರಿಸಲಿ ಎಂದು ಹುಸೇನ್‌ಸಾಬ್ ಕೇಳಿದ. ಎದ್ದು ನಿಂತಿದ್ದ ಆದಮ್ಮ ಮತ್ತೆ ಕುಳಿತುಕೊಂಡು, ಅಟ್ಟದ ಮೇಲಿದ್ದ ಹೊಸ ಗಂಟನ್ನೂ ಇಳಿಸಲು ಹೇಳಿದಳು.